ಸಂಚಕಾರದಿಂದ ವಾರಂಟಿನವರೆಗೆ

ಕನ್ನಡದಲ್ಲಿ ಕೆಲವು ಮಾತುಗಳು ಹುಟ್ಟಿದ ಮನೆಯನ್ನು ಬಿಟ್ಟು ಬಹುದೂರ ಬಂದುಬಿಟ್ಟಿವೆ. ‘ಸಂಚಕಾರ’ ಅಂಥದೊಂದು ಮಾತು. ‘ಜೀವಕ್ಕೆ ಸಂಚಕಾರ ಬಂತು’, ‘ಕೆಲಸಕ್ಕೆ ಸಂಚಕಾರ ಬಂತು’ ಎಂದು ನಾವು ದಿನವೂ ಆಡುತ್ತೇವೆ. ಇಂದಿನ ಹುಡುಗರಿಗೆ ಸಂಚಕಾರವೆಂದರೆ ಅಪಾಯ, ಅಷ್ಟೇ. ಆದರೆ ನಿಘಂಟನ್ನು ತೆರೆದು ನೋಡಿದರೆ ಮೊದಲ ಅರ್ಥ ಬೇರೆಯೇ ಇದೆ. ಒಂದು ವಸ್ತುವನ್ನು ಕೊಳ್ಳುವ ಮಾತಾದಾಗ, ಆ ಮಾತು ಗಟ್ಟಿಯೆಂಬುದಕ್ಕೆ ಗುರುತಾಗಿ ಮುಂಗಡ ಕೊಡುವ ಹಣವೇ ಸಂಚಕಾರ. ಸಂಸ್ಕೃತದ ‘ಸತ್ಯಂಕಾರ’ ಇದರ ಮೂಲ. ಸತ್ಯವಾಗಿಸುವುದು, ಆಡಿದ ಮಾತನ್ನು ದಿಟ ಮಾಡುವುದು ಎಂದು ಅದರ ಅರ್ಥ. ಬಾಯಿಮಾತು ಗಾಳಿಗೆ ಹೋಗದಂತೆ ಅದಕ್ಕೆ ಕಟ್ಟಿದ ಕಲ್ಲು ಎನ್ನಬಹುದು.

ನಾನು ಅರ್ಥಶಾಸ್ತ್ರವನ್ನು ಓದಿದವನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಆದರೂ ಕಂಪನಿಗಳು ಹಣ ಹೂಡುವವರಿಗೆ ಕೊಡುವ ‘ವಾರಂಟ್’ ಎಂಬ ಪತ್ರದ ಚರಿತ್ರೆಯನ್ನು ಹೇಳಲು ಈಗ ಹೊರಟಿದ್ದೇನೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಈ ವಾರಂಟು ಹೊಸ ಅಂಗಿ ತೊಟ್ಟ ನಮ್ಮ ಹಳೆಯ ಸಂಚಕಾರವೇ ಎಂಬ ನನ್ನ ನಂಬಿಕೆ. ಎರಡನೆಯದು, ನನ್ನ ತಿಳಿಗೇಡಿತನದಿಂದ ಇಂಥದೊಂದು ಪತ್ರ ನನ್ನ ಕೈಯಲ್ಲೇ ಸತ್ತುಹೋದ ಸಂಗತಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸೊರಬ ಸೀಮೆಯ ಹೊಸಬಾಳೆ ನಮ್ಮ ಊರು. ಒಂದಿಷ್ಟು ಗದ್ದೆ, ಒಂದಿಷ್ಟು ಅಡಿಕೆ ತೋಟ. ಅಡಿಕೆಯ ನಾಡಿನಲ್ಲಿ ‘ಚೇಣಿ’ ಎಂಬ ಪದ್ಧತಿಯುಂಟು. ಕೊಯ್ಲಿಗೆ ಮೊದಲೇ, ಗೊನೆ ಇನ್ನೂ ಮರದ ಮೇಲಿರುವಾಗಲೇ, ತೋಟದ ಫಸಲನ್ನು ಮಾತಾಡಿ ಒಬ್ಬನಿಗೆ ಒಪ್ಪಿಸುವುದು. ಶ್ರಾವಣದ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಚೇಣಿದಾರ ಬರುತ್ತಿದ್ದ. ತೋಟವನ್ನು ಒಂದು ಸುತ್ತು ಹಾಕಿ, ಕತ್ತೆತ್ತಿ ಗೊನೆಗಳನ್ನು ನೋಡಿ, ಜಗಲಿಯಲ್ಲಿ ಕೂತು ಕವಳ ಹಾಕಿ, ಬೆಲೆಯ ಮಾತಾಡಿ, ಏಳುವಾಗ ಒಂದಿಷ್ಟು ಹಣವನ್ನು ನಮ್ಮ ತಂದೆಯ ಕೈಯಲ್ಲಿಡುತ್ತಿದ್ದ. ಅದು ಸಂಚಕಾರ. ಅಂದಿನಿಂದ ಆ ಫಸಲು ನಮ್ಮ ಮರದಲ್ಲಿದ್ದರೂ ನಮ್ಮದಲ್ಲ, ಅವನ ಅಂಗಳಕ್ಕೆ ಹೋಗದಿದ್ದರೂ ಅವನದು. ನಾಳೆ ಮತ್ತೊಬ್ಬ ಬಂದು ಹೆಚ್ಚು ಬೆಲೆ ಹೇಳಿದರೂ ಕೊಡುವಂತಿಲ್ಲ.

ನಾನು ಪ್ರೌಢಶಾಲೆಯಲ್ಲಿದ್ದ ಒಂದು ವರ್ಷ ಅಡಿಕೆಯ ಧಾರಣೆ ಇಳಿಯಿತು. ಸಂಚಕಾರ ಕೊಟ್ಟವನು ಬರಲಿಲ್ಲ. ಇಂದು ಬರುತ್ತಾನೆ, ನಾಳೆ ಬರುತ್ತಾನೆ ಎಂದು ತಂದೆ ಕಾದರು. ಹಸಿರಾಗಿದ್ದಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಮರದಲ್ಲೇ ಹಣ್ಣಾದರೆ ಅದು ಗೋಟು, ಬೆಲೆ ಕಡಿಮೆ. ನಮ್ಮದು ಮುಕ್ಕಾಲು ಪಾಲು ಗೋಟಾಯಿತು. ಚೇಣಿದಾರನ ಸಂಚಕಾರವೇನೋ ನಮಗೇ ಉಳಿಯಿತು. ಆದರೆ ಅದು ನಮ್ಮ ನಷ್ಟದ ಒಂದು ಮೂಲೆಯನ್ನೂ ತುಂಬಲಿಲ್ಲ. ‘ಸಂಚಕಾರ ಕಡಿಮೆಯಾಯಿತು’ ಎಂದು ತಂದೆ ಹೇಳಿದ ಒಂದೇ ಮಾತು ನನಗೆ ನೆನಪಿದೆ. ಮಾತು ಸತ್ಯವಾಗಬೇಕಾದರೆ ಸಂಚಕಾರ ಎಷ್ಟಿರಬೇಕು? ನನ್ನ ಈ ಬರಹವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಈ ಪ್ರಶ್ನೆ ಹೊಸದಲ್ಲ. ನಮ್ಮ ನೆಲದಲ್ಲೇ ಒಂಬೈನೂರು ವರ್ಷಗಳ ಹಿಂದೆ ಒಬ್ಬ ಪಂಡಿತ ಇದನ್ನು ಕುರಿತು ಬರೆದಿದ್ದಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲ. ಅವನು ಆಳಿದ್ದು 1076ರಿಂದ 1126ರವರೆಗೆ. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ದಾಯಭಾಗದ ವಿಚಾರದಲ್ಲಿ ಬ್ರಿಟಿಷರ ಕಾಲದ ನ್ಯಾಯಾಲಯಗಳವರೆಗೂ ಪ್ರಮಾಣವಾಗಿ ನಿಂತ ಗ್ರಂಥ ಅದು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸತ್ಯಂಕಾರದ ಮಾತು ಬರುತ್ತದೆ. ವಿಜ್ಞಾನೇಶ್ವರ ಅದನ್ನು ಬಿಡಿಸಿ ಹೇಳುವ ಬಗೆ ಇದು: ಕೊಡುಕೊಳ್ಳುವ ಮಾತಾದಾಗ ಒಬ್ಬನು ಇನ್ನೊಬ್ಬನ ಕೈಗೆ ಉಂಗುರವನ್ನೋ ಅಂಥ ಬೇರೊಂದನ್ನೋ ಕೊಟ್ಟಿರುತ್ತಾನೆ. ಮಾತಿಗೆ ತಪ್ಪಿದವನು ಉಂಗುರ ಕೊಟ್ಟವನೇ ಆದರೆ ಉಂಗುರ ಹೋಯಿತು. ಉಂಗುರ ಪಡೆದವನು ತಪ್ಪಿದರೆ ಅದರ ಎರಡರಷ್ಟನ್ನು ಹಿಂದಕ್ಕೆ ಕೊಡಬೇಕು.

ಇದರಲ್ಲಿರುವ ಸೂಕ್ಷ್ಮವನ್ನು ಗಮನಿಸಬೇಕು. ಕೊಳ್ಳುವವನಿಗೆ ತಪ್ಪಿಸಿಕೊಳ್ಳಲು ಒಂದು ಬಾಗಿಲಿದೆ. ಉಂಗುರವನ್ನು ಬಿಟ್ಟುಕೊಟ್ಟರೆ ಸಾಕು. ಮಾರುವವನಿಗೆ ಆ ಬಾಗಿಲು ಇಮ್ಮಡಿ ದುಬಾರಿ. ಹಾಗಾಗಿ ಉಂಗುರವು ಮಾತಿನ ಗುರುತಷ್ಟೇ ಅಲ್ಲ, ಒಂದು ಹಕ್ಕಿನ ಬೆಲೆಯೂ ಹೌದು. ಕೊಳ್ಳಲೂಬಹುದು, ಬಿಡಲೂಬಹುದು ಎಂಬ ಹಕ್ಕು ಅದು.

ವಿಜ್ಞಾನೇಶ್ವರ ಇದನ್ನು ಬರೆಯುತ್ತಿದ್ದ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದುದು ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಇಂದು ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳನ್ನು ನೋಡಲು ಅಲ್ಲಿಗೆ ಹೋಗುವವರು ಅದು ಒಂದು ಕಾಲಕ್ಕೆ ದೊಡ್ಡ ವ್ಯಾಪಾರದ ಪಟ್ಟಣವಾಗಿತ್ತೆಂಬುದನ್ನು ಮರೆಯುತ್ತಾರೆ. ಬಣಂಜಿಗರು, ನಕರಗಳು, ಮುಮ್ಮುರಿದಂಡದವರು ಎಂದು ಶಾಸನಗಳು ಹೆಸರಿಸುವ ವರ್ತಕ ಸಂಘಗಳು ಈ ಸೀಮೆಯಲ್ಲಿ ಓಡಾಡುತ್ತಿದ್ದವು. ನಂದಾದೀವಿಗೆಗೆಂದು ಕೊಟ್ಟ ಹೊನ್ನನ್ನು ಮೂಲಧನವಾಗಿ ಇಟ್ಟುಕೊಂಡು ಅದರ ಬಡ್ಡಿಯಿಂದ ಎಣ್ಣೆ ಸಲ್ಲಿಸುವ ಕ್ರಮ ಕನ್ನಡ ಶಾಸನಗಳಲ್ಲಿ ಸಾಮಾನ್ಯ. ಹಣವನ್ನು ಕಾಲದೊಡನೆ ಕಟ್ಟಿ ಲೆಕ್ಕ ಹಾಕುವುದನ್ನು ನಮ್ಮವರು ಪರದೇಶದವರಿಂದ ಕಲಿಯಬೇಕಾಗಿರಲಿಲ್ಲ.

ಪರದೇಶದಲ್ಲೂ ಇದು ಹಳೆಯದೇ. ಗ್ರೀಕ್ ತತ್ತ್ವಜ್ಞಾನಿ ಥೇಲಿಸನ ಕತೆಯನ್ನು ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದ ಗ್ರಂಥದಲ್ಲಿ ಹೇಳಿದ್ದಾನೆ. ಬರುವ ವರ್ಷ ಆಲಿವ್ ಬೆಳೆ ಹುಲುಸಾಗುವುದೆಂದು ಊಹಿಸಿದ ಥೇಲಿಸ್, ಚಳಿಗಾಲದಲ್ಲೇ ಎಣ್ಣೆಗಾಣಗಳಿಗೆಲ್ಲ ಅಲ್ಪ ಮುಂಗಡ ಕೊಟ್ಟು ಅವುಗಳ ಬಳಕೆಯ ಹಕ್ಕನ್ನು ಕಾಯ್ದಿರಿಸಿಕೊಂಡ. ಸುಗ್ಗಿ ಬಂದಾಗ ಗಾಣ ಬೇಕೆಂದವರೆಲ್ಲ ಅವನ ಬಳಿಗೇ ಬರಬೇಕಾಯಿತು. ಬೆಳೆ ಕೈಕೊಟ್ಟಿದ್ದರೆ ಅವನು ಕಳೆದುಕೊಳ್ಳುತ್ತಿದ್ದುದು ಆ ಅಲ್ಪ ಮುಂಗಡವನ್ನು ಮಾತ್ರ.

ಇನ್ನು ವಾರಂಟಿಗೆ ಬರೋಣ. ಮೊದಲೇ ಒಂದು ಗೊಂದಲವನ್ನು ಕಳೆಯಬೇಕು. ನಮ್ಮ ದೇಶದಲ್ಲಿ ‘ಷೇರ್ ವಾರಂಟ್’ ಎಂಬ ಹೆಸರು ಎರಡು ಬೇರೆ ವಸ್ತುಗಳಿಗೆ ಸಂದಿದೆ. 1956ರ ಕಂಪನಿ ಕಾಯಿದೆಯ 114ನೆಯ ಕಲಮು ಹೇಳಿದ ಷೇರ್ ವಾರಂಟು, ಪೂರ್ತಿ ಹಣ ಸಂದಾಯವಾದ ಷೇರಿಗೆ ಕೇಂದ್ರ ಸರ್ಕಾರದ ಒಪ್ಪಿಗೆಯೊಡನೆ ಕೊಡುವ ಪತ್ರ. ಅದರಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಯಾರ ಕೈಯಲ್ಲಿದ್ದರೆ ಅವರೇ ಒಡೆಯರು, ನೋಟಿನಂತೆ ಕೈಯಿಂದ ಕೈಗೆ ದಾಟಬಹುದು. ಒಡೆಯನ ಮುಖ ಕಾಣದ ಇಂಥ ಪತ್ರ ಕಪ್ಪು ಹಣಕ್ಕೆ ಮರೆಯಾಗುತ್ತದೆಂಬ ಅನುಮಾನ ಎಲ್ಲೆಡೆಯೂ ಬೆಳೆಯಿತು. ನಮ್ಮ 2013ರ ಕಾಯಿದೆ ಅದಕ್ಕೆ ಎಡೆಗೊಡಲಿಲ್ಲ. ಇಂಗ್ಲೆಂಡಿನಲ್ಲಿಯೂ 2015ರಲ್ಲಿ ಅಂಥ ಅನಾಮಿಕ ಷೇರುಗಳನ್ನು ನಿಷೇಧಿಸಿದರು. ನಾನು ಹೇಳಹೊರಟಿರುವುದು ಅದಲ್ಲ. ಇನ್ನೂ ಹುಟ್ಟದ ಷೇರನ್ನು ಮುಂದೊಂದು ದಿನ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕನ್ನು ಕೊಡುವ ವಾರಂಟು.

ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಒಂದು ಕಂಪನಿಯ ಷೇರು ಇಂದು ಪೇಟೆಯಲ್ಲಿ 80 ರೂಪಾಯಿಗೆ ನಡೆಯುತ್ತಿದೆಯೆಂದು ಇಟ್ಟುಕೊಳ್ಳಿ. ಕಂಪನಿ ನಿಮಗೆ ಹೇಳುತ್ತದೆ: ‘ಈಗ 8 ರೂಪಾಯಿ ಕೊಡಿ. ಇನ್ನು ಮೂರು ವರ್ಷಗಳೊಳಗೆ ಯಾವಾಗ ಬೇಕಾದರೂ ಬಂದು 100 ರೂಪಾಯಿ ಕೊಟ್ಟರೆ ನಿಮಗೊಂದು ಹೊಸ ಷೇರು ಕೊಡುತ್ತೇವೆ. ಪೇಟೆಯ ಬೆಲೆ ಆಗ ಎಷ್ಟಾದರೂ ಇರಲಿ.’ ಈ ಮಾತನ್ನು ಬರೆದು ಮುದ್ರೆ ಒತ್ತಿದ ಪತ್ರವೇ ವಾರಂಟು. ಮೂರು ವರ್ಷದೊಳಗೆ ಷೇರು 150 ರೂಪಾಯಿಗೆ ಏರಿದರೆ, ನೀವು 100 ಕೊಟ್ಟು 150ರ ವಸ್ತುವನ್ನು ಪಡೆಯುತ್ತೀರಿ. ಮೊದಲು ಕೊಟ್ಟ 8ನ್ನು ಕಳೆದರೆ ಲಾಭ 42. ಏರಿದ್ದು 90ರವರೆಗೆ ಮಾತ್ರವಾದರೆ, 90ಕ್ಕೆ ಪೇಟೆಯಲ್ಲಿ ಸಿಗುವುದನ್ನು 100 ಕೊಟ್ಟು ಯಾರು ಕೊಳ್ಳುತ್ತಾರೆ? ಪತ್ರ ಹರಿದುಹಾಕಬೇಕು, 8 ರೂಪಾಯಿ ಹೋಯಿತು. 80 ಕೊಟ್ಟು ಷೇರನ್ನೇ ಕೊಂಡವನ ಹಣ ಎರಡರಷ್ಟೂ ಆಗದಿರುವ ಹೊತ್ತಿನಲ್ಲಿ ವಾರಂಟು ಕೊಂಡವನ 8 ರೂಪಾಯಿ ಆರು ಪಟ್ಟಿಗೂ ಮೀರಿ 50 ಆಗುತ್ತದೆ. ಹಾಗೆಯೇ, ಷೇರಿನವನ ಕೈಯಲ್ಲಿ ಇನ್ನೂ ಷೇರು ಉಳಿದಿರುವಾಗ ವಾರಂಟಿನವನ ಕೈ ಬರಿದಾಗುತ್ತದೆ. ಆಸೆ ಮತ್ತು ಅಪಾಯ ಎರಡೂ ಒಂದೇ ಕಾಗದದಲ್ಲಿ.

ಕಂಪನಿಗೆ ಇದರಿಂದೇನು? ಸಾಲ ಬೇಕಾದ ಕಂಪನಿ ಡಿಬೆಂಚರುಗಳ ಜೊತೆಗೆ ವಾರಂಟನ್ನು ಸೇರಿಸಿ ಕೊಡುತ್ತದೆ. ಸಾಲ ಕೊಡುವವನು ಈ ಬೆಲ್ಲದ ಚೂರಿನ ಆಸೆಗೆ ಕಡಿಮೆ ಬಡ್ಡಿಗೆ ಒಪ್ಪುತ್ತಾನೆ. ಮುಂದೆ ಕಂಪನಿ ಬೆಳೆದರೆ ವಾರಂಟಿನವರು ತಂದು ಸುರಿಯುವ ಹಣ ನೇರವಾಗಿ ಕಂಪನಿಯ ಬೊಕ್ಕಸಕ್ಕೆ ಹೊಸ ಬಂಡವಾಳವಾಗಿ ಬರುತ್ತದೆ. ಷೇರುಪೇಟೆಯಲ್ಲಿ ಇಬ್ಬರು ತಮ್ಮತಮ್ಮೊಳಗೆ ಆಡುವ ‘ಆಪ್ಷನ್’ ವ್ಯವಹಾರಕ್ಕೂ ಇದಕ್ಕೂ ಇರುವ ಭೇದ ಇದೇ. ಅಲ್ಲಿ ಹೊಸ ಷೇರು ಹುಟ್ಟುವುದಿಲ್ಲ, ಕಂಪನಿಗೆ ಕಾಸೂ ಬರುವುದಿಲ್ಲ.

ಆದರೆ ಬೆಲ್ಲ ಎಲ್ಲಿಂದಲೋ ಬರಬೇಕಷ್ಟೆ. ಅದು ಬರುವುದು ಹಳೆಯ ಷೇರುದಾರರ ಪಾಲಿನಿಂದ. ಹತ್ತು ಲಕ್ಷ ಷೇರುಗಳಿರುವ ಕಂಪನಿಯ ಷೇರು 150ರಲ್ಲಿದ್ದಾಗ ಎರಡು ಲಕ್ಷ ವಾರಂಟಿನವರು ತಲಾ 100 ರೂಪಾಯಿ ಕೊಟ್ಟು ಒಳಗೆ ಬಂದರೆ, 15 ಕೋಟಿಯ ಜೊತೆಗೆ 2 ಕೋಟಿ ಸೇರಿ 17 ಕೋಟಿಯಾಗುತ್ತದೆ. ಆದರೆ ಪಾಲುದಾರರು ಹನ್ನೆರಡು ಲಕ್ಷ. ಒಂದು ಷೇರಿನ ಪಾಲಿಗೆ ಬರುವುದು ಸುಮಾರು 141 ರೂಪಾಯಿ 67 ಪೈಸೆ. ಪಂಕ್ತಿಯಲ್ಲಿ ಎಲೆ ಹೆಚ್ಚಿದಂತೆ ಪಾಯಸ ತೆಳುವಾಗುತ್ತದೆ. ಆದಕಾರಣವೇ ವಾರಂಟು ಹೊರಡಿಸುವ ಮುನ್ನ ಷೇರುದಾರರ ಸಭೆಯ ಒಪ್ಪಿಗೆ ಬೇಕೆಂದು ಕಾನೂನು ಕೇಳುತ್ತದೆ.

ಇಂದಿನ ರೂಪದ ವಾರಂಟನ್ನು ಮೊದಲು ಹೊರಡಿಸಿದ್ದು ಅಮೆರಿಕದ ‘ಅಮೆರಿಕನ್ ಪವರ್ ಅಂಡ್ ಲೈಟ್’ ಎಂಬ ವಿದ್ಯುತ್ ಕಂಪನಿ, 1911ರಲ್ಲಿ, ಎಂದು ಸಾಮಾನ್ಯವಾಗಿ ಹೇಳುವುದುಂಟು. ಮನೆಮನೆಗೆ ವಿದ್ಯುತ್ತು ಬರುತ್ತಿದ್ದ ಕಾಲ. ಕಂಪನಿಗಳಿಗೆ ಹಣದ ಹಸಿವು, ಜನರಿಗೆ ನಾಳೆಯ ಬೆಳಕಿನಲ್ಲಿ ನಂಬಿಕೆ. 1920ರ ದಶಕದಲ್ಲಿ ವಾರಂಟುಗಳು ಅಣಬೆಯಂತೆ ಎದ್ದವು. ‘ಅಮೆರಿಕನ್ ಅಂಡ್ ಫಾರಿನ್ ಪವರ್’ ಎಂಬ ಒಂದೇ ಕಂಪನಿಯ ವಾರಂಟುಗಳ ಪೇಟೆಬೆಲೆ 1929ರಲ್ಲಿ ಒಟ್ಟು ನೂರು ಕೋಟಿ ಡಾಲರನ್ನು ಮೀರಿತ್ತು. ಷೇರಲ್ಲ, ಷೇರನ್ನು ಕೊಳ್ಳುವ ಹಕ್ಕು ಮಾತ್ರ! ಆ ವರ್ಷದ ಅಕ್ಟೋಬರಿನಲ್ಲಿ ಪೇಟೆ ಕುಸಿದಾಗ ಮೊದಲು ಆವಿಯಾದದ್ದು ಇಂಥ ಕಾಗದಗಳೇ. ಹೂಡಿಕೆಯ ವಿಚಾರದಲ್ಲಿ ಗುರುವೆನಿಸಿದ ಬೆಂಜಮಿನ್ ಗ್ರಹಾಂ ಇವುಗಳ ಬಗ್ಗೆ ಕಡೆಯವರೆಗೂ ಕಟುವಾಗಿಯೇ ಬರೆದರು. ನ್ಯೂಯಾರ್ಕಿನ ದೊಡ್ಡ ಷೇರುಪೇಟೆ ವಾರಂಟುಗಳನ್ನು ಬಹುಕಾಲ ತನ್ನ ಹೊಸ್ತಿಲೊಳಗೆ ಸೇರಿಸಲಿಲ್ಲ.

ಆ ಹೊಸ್ತಿಲು ದಾಟಿದ್ದು 1970ರಲ್ಲಿ. ಅಮೆರಿಕದ ದೂರವಾಣಿ ಕಂಪನಿ ‘ಎ.ಟಿ. ಅಂಡ್ ಟಿ.’ ನೂರೈವತ್ತು ಕೋಟಿ ಡಾಲರಿಗೂ ಹೆಚ್ಚು ಮೊತ್ತದ ಡಿಬೆಂಚರುಗಳ ಜೊತೆಗೆ ಮೂರು ಕೋಟಿಗೂ ಹೆಚ್ಚು ವಾರಂಟುಗಳನ್ನು ಕೊಟ್ಟಿತು. 1975ರ ಮೇ 15ರೊಳಗೆ 52 ಡಾಲರಿಗೆ ಒಂದು ಷೇರು ಕೊಳ್ಳುವ ಹಕ್ಕು. ವಿಧವೆಯರೂ ನಿವೃತ್ತರೂ ನೆಚ್ಚಿದ ಕಂಪನಿ ಅದು. ಐದು ವರ್ಷ ಕಳೆದವು. ಗಡುವಿನ ದಿನ ಬಂದಾಗ ಷೇರಿನ ಬೆಲೆ 52ನ್ನು ಮುಟ್ಟದೆ ತುಸು ಕೆಳಗೇ ನಿಂತಿತ್ತು. ಅಷ್ಟು ವಾರಂಟುಗಳೂ ಅಂದು ರಾತ್ರಿ ಬರಿಯ ಕಾಗದವಾದವು. ಕಂಪನಿ ಕೆಡಲಿಲ್ಲ, ಮೋಸ ಮಾಡಲಿಲ್ಲ. ಆಡಿದ ಮಾತಿನಂತೆ ಕಾದಿತ್ತು. ಕಾಲ ಮಾತ್ರ ಕಾಯಲಿಲ್ಲ. ವಾರಂಟು ಕೊಳ್ಳುವವನು ಕೊಳ್ಳುವುದು ಬೆಲೆಯನ್ನಲ್ಲ, ಕಾಲವನ್ನು ಎಂಬ ಪಾಠ ಇದರಲ್ಲಿದೆ.

ಇದಕ್ಕೆ ಎದುರಾದ ಕತೆಯೂ ಒಂದುಂಟು. ‘ಕ್ರೈಸ್ಲರ್’ ಮೋಟಾರು ಕಂಪನಿ ಮುಳುಗುವ ಸ್ಥಿತಿಗೆ ಬಂದಾಗ ಅಮೆರಿಕದ ಸರ್ಕಾರ 150 ಕೋಟಿ ಡಾಲರುಗಳವರೆಗಿನ ಸಾಲಕ್ಕೆ ಜಾಮೀನು ನಿಂತಿತು. ಅದರ ಕಾಯಿದೆಗೆ ಸಹಿಯಾದದ್ದು 1980ರ ಜನವರಿಯಲ್ಲಿ. ಜಾಮೀನಿಗೆ ಪ್ರತಿಯಾಗಿ ಸರ್ಕಾರ 13 ಡಾಲರಿನ ದರದಲ್ಲಿ 1 ಕೋಟಿ 44 ಲಕ್ಷ ಷೇರುಗಳನ್ನು ಕೊಳ್ಳುವ ವಾರಂಟುಗಳನ್ನು ಪಡೆಯಿತು. ಆಗ ಅವುಗಳಿಗೆ ಬೆಲೆಯುಂಟೆಂದು ನಂಬಿದವರು ಕಡಿಮೆ. ಕಂಪನಿ ಚೇತರಿಸಿಕೊಂಡು 1983ರಲ್ಲಿ ಸಾಲವನ್ನು ಅವಧಿಗೆ ಏಳು ವರ್ಷ ಮೊದಲೇ ತೀರಿಸಿತು. ಸಾಲ ತೀರಿತಲ್ಲ, ವಾರಂಟುಗಳನ್ನು ಬಿಟ್ಟುಕೊಡಿ ಎಂದು ಕಂಪನಿಯ ಮುಖ್ಯಸ್ಥ ಲೀ ಅಯಕೋಕಾ ಕೇಳಿದರು. ಸರ್ಕಾರ ಒಪ್ಪಲಿಲ್ಲ, ಹರಾಜಿಗಿಟ್ಟಿತು. ಕೊನೆಗೆ ಕಂಪನಿಯೇ ಸುಮಾರು 31 ಕೋಟಿ ಡಾಲರು ಕೊಟ್ಟು ತನ್ನ ಮಾತನ್ನು ತಾನೇ ಬಿಡಿಸಿಕೊಳ್ಳಬೇಕಾಯಿತು. ಮುಳುಗುವವನ ಕೈ ಹಿಡಿದದ್ದಕ್ಕೆ ಪ್ರಜೆಗಳ ಬೊಕ್ಕಸಕ್ಕೆ ಸಂದ ನ್ಯಾಯವಾದ ಪಾಲು ಅದು ಎಂದು ನಾನು ತಿಳಿಯುತ್ತೇನೆ. ಮಾತು ಕೊಟ್ಟವನು ತಪ್ಪಿಸಿಕೊಳ್ಳಬೇಕಾದರೆ ಹೆಚ್ಚು ತೆರಬೇಕೆಂಬ ಮಿತಾಕ್ಷರೆಯ ನ್ಯಾಯ ಡೆಟ್ರಾಯಿಟಿನಲ್ಲೂ ನಡೆಯಿತು.

ನಮ್ಮ ದೇಶದಲ್ಲಿ 1947ರಿಂದ 1992ರವರೆಗೆ ಕಂಪನಿಗಳು ಎಷ್ಟು ಬಂಡವಾಳ ಎತ್ತಬೇಕು, ಯಾವ ಬೆಲೆಗೆ ಷೇರು ಮಾರಬೇಕು ಎಂಬುದನ್ನು ದೆಹಲಿಯ ಬಂಡವಾಳ ನಿಯಂತ್ರಣಾಧಿಕಾರಿಯ ಕಚೇರಿ ಗೊತ್ತುಮಾಡುತ್ತಿತ್ತು. 1992ರಲ್ಲಿ ಆ ಕಾಯಿದೆ ರದ್ದಾಗಿ ‘ಸೆಬಿ’ಗೆ ಶಾಸನದ ಬಲ ಬಂದಿತು. ಅದೇ ವರ್ಷ ಟಾಟಾ ಉಕ್ಕಿನ ಕಂಪನಿ ತನ್ನ ಸಾಲಪತ್ರಗಳ ಜೊತೆಗೆ ಬಿಡಿಸಿ ಮಾರಬಹುದಾದ ವಾರಂಟುಗಳನ್ನು ಕೊಟ್ಟದ್ದು ಬಹುಜನರ ಗಮನ ಸೆಳೆಯಿತು. ಆದರೆ ಕರ್ನಾಟಕದ ಮಟ್ಟಿಗೆ ವಾರಂಟಿನ ಚರಿತ್ರೆಯಲ್ಲಿ ನೆನೆಯಬೇಕಾದದ್ದು ಇನ್ಫೋಸಿಸ್ ಸಂಸ್ಥೆಯ 1994ರ ಪ್ರಯೋಗ.

1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಆರಂಭಿಸಿದ ಈ ಸಂಸ್ಥೆ 1983ರಲ್ಲಿ ಬೆಂಗಳೂರಿಗೆ ಬಂದಿತು. 1993ರ ಫೆಬ್ರವರಿಯಲ್ಲಿ 95 ರೂಪಾಯಿಗೊಂದರಂತೆ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಾಗ ಜನ ಮುಗಿಬೀಳಲಿಲ್ಲ. ಕೇಳಿದಷ್ಟು ಅರ್ಜಿಗಳೇ ಬರದೆ ಉಳಿದ ಪಾಲನ್ನು ಒಂದು ವಿದೇಶೀ ಸಂಸ್ಥೆ ಕೊಂಡಿತು. ಜೂನ್ ತಿಂಗಳಲ್ಲಿ ಪೇಟೆಗೆ ಬಂದಾಗ ಷೇರು 145 ರೂಪಾಯಿಯಲ್ಲಿ ಆರಂಭವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಸಂಸ್ಥೆ ತನ್ನ ನೌಕರರಿಗಾಗಿ ಒಂದು ಯೋಜನೆ ಮಾಡಿತು. ವಾರಂಟುಗಳನ್ನು ನೌಕರರ ಕಲ್ಯಾಣದ ಒಂದು ಟ್ರಸ್ಟಿಗೆ ಕೊಟ್ಟಿತು. ಕೊಳ್ಳಲು ಬೇಕಾದ ಹಣವನ್ನೂ ಟ್ರಸ್ಟಿಗೆ ತಾನೇ ಸಾಲವಾಗಿ ಕೊಟ್ಟಿತು. ಟ್ರಸ್ಟು ಅವನ್ನು ಅರ್ಹ ನೌಕರರಿಗೆ ಒಂದಕ್ಕೆ ಒಂದು ರೂಪಾಯಿಯಂತೆ ವರ್ಗಾಯಿಸುತ್ತಿತ್ತು. ಒಂದು ವಾರಂಟಿಗೆ ನೂರು ರೂಪಾಯಿ ಸೇರಿಸಿದರೆ ಒಂದು ಷೇರು. ನಿಬಂಧನೆ ಒಂದೇ: ಐದು ವರ್ಷ ಸಂಸ್ಥೆಯಲ್ಲಿ ದುಡಿಯಬೇಕು.

ಒಂದು ರೂಪಾಯಿ ಸಂಚಕಾರ! ನೂರಕ್ಕೆ ಒಂದು. ನಮ್ಮ ತಂದೆಯವರ ಲೆಕ್ಕದಲ್ಲಿ ಇದು ನಗೆಗೇಡು. ಆದರೆ ನಿಜವಾದ ಸಂಚಕಾರ ಆ ರೂಪಾಯಿಯಲ್ಲ, ಐದು ವರ್ಷದ ದುಡಿಮೆ. ಹಣವಿಲ್ಲದವನೂ ತನ್ನ ಆಯುಸ್ಸಿನ ಒಂದು ತುಂಡನ್ನು ಉಂಗುರದ ಬದಲು ಕೊಡಬಹುದೆಂಬುದನ್ನು ಈ ಯೋಜನೆ ತೋರಿಸಿತು. ಅದೇ 1994ರ ಅಕ್ಟೋಬರಿನಲ್ಲಿ ಸಂಸ್ಥೆ ದೊಡ್ಡ ಹೂಡಿಕೆದಾರರಿಗೆ ಷೇರುಗಳನ್ನು ಮಾರಿದ್ದು ತಲಾ 450 ರೂಪಾಯಿಗೆ. ನೌಕರನಿಗೆ ಗೊತ್ತಾದ ಬೆಲೆ ನೂರು. ನಡುವಿನ ಅಂತರವೇ ಅವನ ಭಾಗ್ಯ. 1997ರಲ್ಲಿ ಬೋನಸ್ ಷೇರುಗಳ ಮುನ್ನ ಟ್ರಸ್ಟು ತನ್ನಲ್ಲಿದ್ದ ವಾರಂಟುಗಳನ್ನು ಷೇರುಗಳಾಗಿ ಮಾಡಿಕೊಂಡಿತು. 1999ರ ಮಾರ್ಚಿನಲ್ಲಿ ಸಂಸ್ಥೆಯ ಷೇರುಗಳು ಅಮೆರಿಕದ ನಾಸ್ಡಾಕ್ ಪೇಟೆಗೂ ಹೋದವು. ಸಂಬಳದ ಹೊರತು ಬೇರೇನನ್ನೂ ಕಾಣದ ಮಧ್ಯಮವರ್ಗದ ಮನೆಗಳಿಗೆ ಬಂಡವಾಳದ ಪಾಲು ಈ ದಾರಿಯಲ್ಲಿ ಬಂದಿತು. ಬೆಂಗಳೂರಿನ ಹೊಸ ಬಡಾವಣೆಗಳ ಎಷ್ಟೋ ಮನೆಗಳ ತಳಪಾಯದಲ್ಲಿ ಇಂಥ ಕಾಗದಗಳುಂಟು.

ಎಲ್ಲ ವಾರಂಟುಗಳೂ ಹೀಗೆ ದುಡಿಯುವವರ ಕೈಗೆ ಹೋಗಲಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ವಾರಂಟು ಪಡೆದವರು ಕಂಪನಿಗಳ ಸ್ಥಾಪಕ ಕುಟುಂಬಗಳವರೇ. ನಿಯಮದಂತೆ ಅವರು ಮೊದಲು ನೂರಕ್ಕೆ ಹತ್ತರಷ್ಟು ಕಟ್ಟಿ, ಉಳಿದದ್ದನ್ನು ಹದಿನೆಂಟು ತಿಂಗಳೊಳಗೆ ಕಟ್ಟಿ ಷೇರು ಪಡೆಯಬಹುದಿತ್ತು. ಮುಂಬಯಿಯ ಸೂಚ್ಯಂಕ 2008ರ ಜನವರಿಯಲ್ಲಿ 21,000ವನ್ನು ದಾಟಿ, ಅದೇ ವರ್ಷದ ಅಕ್ಟೋಬರಿನಲ್ಲಿ 8,000ದ ಕೆಳಗೂ ಇಳಿದು ಬಂದಾಗ, ಎಷ್ಟೋ ಸ್ಥಾಪಕರು ಉಳಿದ ತೊಂಬತ್ತನ್ನು ಕಟ್ಟಲಿಲ್ಲ. ಪೇಟೆಯಲ್ಲಿ ಅಗ್ಗವಾಗಿ ಸಿಗುವುದಕ್ಕೆ ದುಬಾರಿ ಕೊಡುವುದೇಕೆ? ಹತ್ತನ್ನು ಬಿಟ್ಟು ಹೊರಟರು. ಕಾರ್ಖಾನೆ ಕಟ್ಟಲು, ಸಾಲ ತೀರಿಸಲು ಆ ಹಣ ಬರುತ್ತದೆಂದು ಕಾದಿದ್ದ ಕಂಪನಿಗಳು ಬರಿಗೈಯಲ್ಲಿ ನಿಂತವು. ನಮ್ಮ ತೋಟದ ಗೋಟಡಿಕೆಯ ಕತೆಯೇ ದೊಡ್ಡ ಅಕ್ಷರಗಳಲ್ಲಿ ಮತ್ತೆ ನಡೆಯಿತು.

2009ರಲ್ಲಿ ಸೆಬಿ ಮೊದಲು ಕಟ್ಟಬೇಕಾದ ಪಾಲನ್ನು ನೂರಕ್ಕೆ ಹತ್ತರಿಂದ ಇಪ್ಪತ್ತೈದಕ್ಕೆ ಏರಿಸಿತು. 2018ರ ನಿಯಮಾವಳಿಯಲ್ಲಿಯೂ ಅದೇ ಉಳಿದಿದೆ: ಷೇರುದಾರರ ವಿಶೇಷ ನಿರ್ಣಯ, ಪೇಟೆಯ ಸರಾಸರಿಯನ್ನು ಅನುಸರಿಸಿದ ಬೆಲೆ, ಮೊದಲಿಗೆ ಕಾಲುಭಾಗ, ಹದಿನೆಂಟು ತಿಂಗಳ ಗಡುವು, ತಪ್ಪಿದರೆ ಕಟ್ಟಿದ್ದು ಕಂಪನಿಗೆ ಮುಟ್ಟುಗೋಲು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಾನು ತಂದೆಯನ್ನು ನೆನೆದೆ. ‘ಸಂಚಕಾರ ಕಡಿಮೆಯಾಯಿತು’ ಎಂದು ಅವರು ಜಗಲಿಯಲ್ಲಿ ಕೂತು ಕಂಡುಕೊಂಡದ್ದನ್ನು ಮುಂಬಯಿಯ ಪಂಡಿತರೂ ಕೊನೆಗೆ ಕಂಡುಕೊಂಡಿದ್ದರು.

ಈಗ ನನ್ನ ಕತೆ. 1990ರ ದಶಕದ ಆರಂಭದಲ್ಲಿ ಷೇರಿನ ಜ್ವರ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಗೂ ಬಂದಿತ್ತು. ತಂದೆ ಅಡಿಕೆ ಮಾರಿದ ಹಣದಲ್ಲಿ ಹತ್ತು ಸಾವಿರ ನನ್ನ ಕೈಗಿತ್ತು, ‘ಮೊಮ್ಮಗಳ ಓದಿಗೆ ಇಡು’ ಎಂದಿದ್ದರು. ನಾನು ಸಹೋದ್ಯೋಗಿಯೊಬ್ಬರ ಮಾತು ಕೇಳಿ ಒಂದು ಕಂಪನಿಯ ಡಿಬೆಂಚರು ಕೊಂಡೆ. ಅದರ ಜೊತೆಗೆ ಒಂದು ವಾರಂಟು ಬಂದಿತು. ಹಸಿರು ಅಂಚಿನ, ನೋಡಲು ಅಂದವಾದ ಕಾಗದ. ಏನೆಂದು ತಿಳಿಯದೆ, ಮುಖ್ಯವಿರಬೇಕೆಂದು ಮಾತ್ರ ತಿಳಿದು, ಅದನ್ನು ಕಿಟ್ಟೆಲ್ ನಿಘಂಟಿನ ನಡುವೆ ಇಟ್ಟೆ. ಆಮೇಲೆ ಬೇರೆ ಊರಿಗೆ ವರ್ಗವಾಯಿತು. ವಿಳಾಸ ಬದಲಾದುದನ್ನು ನಾನು ಕಂಪನಿಗೆ ಬರೆಯಲಿಲ್ಲ. ಮೂರು ನಾಲ್ಕು ವರ್ಷಗಳ ಅನಂತರ ಯಾವುದೋ ಪದದ ಅರ್ಥ ನೋಡಲು ನಿಘಂಟು ತೆರೆದಾಗ ಕಾಗದ ಕೆಳಗೆ ಬಿತ್ತು. ಕನ್ನಡಕ ಹಾಕಿಕೊಂಡು ಆಗ ಮೊದಲ ಸಲ ಪೂರ್ತಿ ಓದಿದೆ. ಗಡುವು ಕಳೆದು ಐದು ತಿಂಗಳಾಗಿತ್ತು. ಆ ದಿನದ ಪತ್ರಿಕೆಯಲ್ಲಿ ಷೇರಿನ ಬೆಲೆ ನನಗೆ ಗೊತ್ತಾಗಿದ್ದ ಬೆಲೆಯ ಎರಡರಷ್ಟಿತ್ತು.

ಕಂಪನಿಯ ತಪ್ಪು ಏನೂ ಇರಲಿಲ್ಲ. ಊರಿಗೆ ಹೋದಾಗ ತಂದೆಗೆ ಹೇಳಿಕೊಂಡೆ. ಬಯ್ಯುವರೆಂದು ತಿಳಿದಿದ್ದೆ. ಅವರು ಅಡಿಕೆ ಕತ್ತರಿಸುತ್ತಿದ್ದುದನ್ನು ನಿಲ್ಲಿಸದೆ, ‘ಸಂಚಕಾರ ಕೊಟ್ಟವನು ಬರಲಿಲ್ಲವೆಂದರೆ ತೋಟ ಏನು ಮಾಡೀತು?’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಆ ವರ್ಷದ ಚೇಣಿಯವನೂ ಮರೆತಿದ್ದನೋ ಏನೋ. ನಾವು ಸುಮ್ಮನೆ ಅವನನ್ನು ಬಯ್ದೆವು’ ಎಂದು ನಕ್ಕರು. ಇಪ್ಪತ್ತು ವರ್ಷಕ್ಕೂ ಹಳೆಯದಾದ ಆ ಗೋಟಡಿಕೆಯ ಸಿಟ್ಟನ್ನು ಅವರು ಅಂದು ನನ್ನ ನೆಪದಲ್ಲಿ ಮನ್ನಿಸಿದಂತೆ ನನಗೆ ತೋರಿತು. ಮಗಳ ಓದು ನಿಲ್ಲಲಿಲ್ಲ; ಆದರೆ ಅದಕ್ಕಾಗಿ ಮಾಡಿದ ಸಾಲವನ್ನು ನಾನು ಆರು ವರ್ಷ ತೀರಿಸಿದೆ.

ಹಣದ ಗುರುತಾಗಿದ್ದ ಸಂಚಕಾರ ಅಪಾಯದ ಹೆಸರಾದದ್ದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಕೊಡುತ್ತಿದ್ದ ವಿವರಣೆ ಇದು: ಸಂಚಕಾರ ಬಿದ್ದ ವಸ್ತು ಅರ್ಧ ಕೈಬಿಟ್ಟಂತೆ. ಜೀವಕ್ಕೆ ಸಂಚಕಾರ ಬಂತೆಂದರೆ ಯಮನು ಮುಂಗಡ ಕೊಟ್ಟು ಹೋಗಿದ್ದಾನೆ, ಉಳಿದದ್ದನ್ನು ತೆಗೆದುಕೊಳ್ಳಲು ಬರುತ್ತಾನೆ. ಆ ವಿವರಣೆ ಅರ್ಧವೆಂದು ಈಗ ಅನಿಸುತ್ತದೆ. ಸಂಚಕಾರ ಪಡೆದವನಿಗೆ ಕಾಯುವ ಅಪಾಯ. ಕೊಟ್ಟವನಿಗೆ ಮರೆಯುವ ಅಪಾಯ. ಪತ್ರ ಎಷ್ಟೇ ಗಟ್ಟಿಯಾಗಿರಲಿ, ಅದರ ಮೇಲೆ ಬರೆದ ದಿನಾಂಕವನ್ನು ಓದುವ ಕಣ್ಣು ಬೇಕು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ, ಪುಸ್ತಕದ ನಡುವೆ, ಇಂಥ ಹಸಿರು ಅಂಚಿನ ಕಾಗದ ಏನಾದರೂ ಇದ್ದರೆ ಇಂದೇ ತೆಗೆದು ನೋಡಿ. ಮಾತನ್ನು ಸತ್ಯವಾಗಿಸುವುದು ಹಣವೊಂದೇ ಅಲ್ಲ. ಗಡುವಿನ ದಿನ ಬಾಗಿಲಲ್ಲಿ ಬಂದು ನಿಲ್ಲುವ ಮನುಷ್ಯನೂ ಬೇಕು.

(ಆಕಾಶವಾಣಿ ಭಾಷಣ)